ಡೊಮಿಂಗಾ ಸಾಕಿದ ಬೆಳ್ಳಕ್ಕಿ

ಇಂಗ್ಲಿಷರ ಹಡಗುಗಳು ಬಂದವೆಂದು ಬಂದರಿನ ಕಡೆಯಿಂದ ಸವಾರನೊಬ್ಬ ಕೂಗಿಕೊಂಡು ಬಂದಾಗ ಡೊಮಿಂಗಾ ಹಿತ್ತಲಲ್ಲಿ ಮರಗೆಣಸು ತುರಿಯುತ್ತಿದ್ದಳು. ಅದು ಸಾವಿರದ ಆರುನೂರ ಐವತ್ತೈದನೇ ಇಸವಿಯ ಮೇ ತಿಂಗಳು. ಜಮೈಕಾ ದ್ವೀಪ ಆಗಿನ್ನೂ ಸ್ಪೇನಿನ ದೊರೆಯದು. ವೇಗಾ ಪಟ್ಟಣದ ಒಡೆಯರೆಲ್ಲ ಸ್ಪೇನಿನವರು. ಅವರ ದನ ಕಾಯುವವರೂ ಮಕ್ಕಳಿಗೆ ಹಾಲೂಡಿಸುವವರೂ ಆಫ್ರಿಕಾದಿಂದ ಕೊಂಡು ತಂದ ಗುಲಾಮರು.

ಡೊಮಿಂಗಾ ದನದ ಒಡೆಯ ದೋನ್ ಗಾಸ್ಪಾರನ ಮನೆಯ ಗುಲಾಮ ಹೆಂಗಸು. ಅವಳಿಗೂ ಒಡತಿ ದೋನ್ಯಾ ಲಿಯೊನೋರಳಿಗೂ ಒಂದೇ ತಿಂಗಳಲ್ಲಿ ಹೆರಿಗೆಯಾಗಿತ್ತು. ಡೊಮಿಂಗಾಳಿಗೆ ಹೆಣ್ಣು, ಒಡತಿಗೆ ಗಂಡು. ಒಡತಿಗೆ ಹಾಲು ಇಳಿಯಲಿಲ್ಲ. ಡೊಮಿಂಗಾಳ ಎದೆಯಲ್ಲಿ ಇಳಿದದ್ದೆಲ್ಲ ಮೆಲ್ಚೋರ್ ಎಂಬ ಆ ಗಂಡುಮಗುವಿನ ಪಾಲಾಯಿತು. ಅವನು ಉಂಡು ಬಿಟ್ಟದ್ದು ಅವಳ ಮಗಳು ಪಾಸ್ಕುವಾಲಾಗೆ. ಅವನೋ ಬಿಡುವ ಪೈಕಿಯಲ್ಲ. ಮರಗೆಣಸಿನ ಗಂಜಿ, ಸಕ್ಕರೆ ನೀರಿನಲ್ಲಿ ಅದ್ದಿದ ಬಟ್ಟೆಯ ಚೂರು, ಇಷ್ಟನ್ನೇ ಚೀಪಿಕೊಂಡು ಆ ಹೆಣ್ಣುಕೂಸು ಎಷ್ಟು ದಿನ ಬಾಳೀತು? ಈಸ್ಟರ್ ಹಬ್ಬಕ್ಕೆ ಮುಂಚೆಯೇ ಕಣ್ಣು ಮುಚ್ಚಿತು. ದೇವರು ಕರೆದುಕೊಂಡ ಎಂದು ಪಾದ್ರಿ ಹೇಳಿದ. ದೇವರ ಮೇಲೆ ಹಾಕುವ ಮಾತಲ್ಲ ಅದು ಎಂದು ಡೊಮಿಂಗಾಳಿಗೂ ಗೊತ್ತಿತ್ತು, ಒಡತಿಗೂ ಗೊತ್ತಿತ್ತು.

"ನಾಲ್ಕು ದಿನದ ಮಾತು," ಎಂದಳು ಲಿಯೊನೋರ್, ಪೆಟ್ಟಿಗೆಗೆ ಬೆಳ್ಳಿ ಪಾತ್ರೆ ತುಂಬುತ್ತ. "ಹಿಂದೆ ಬಂದವರೂ ಹೀಗೇ ತಾನೆ? ದನ ತಿಂತಾರೆ, ಸಿಕ್ಕಿದ್ದು ಬಾಚ್ಕೋತಾರೆ, ಹೋಗ್ತಾರೆ. ಡೊಮಿಂಗಾ, ಮಗೂನ ಬಿಗಿಯಾಗಿ ಕಟ್ಕೋ. ರೊಟ್ಟಿ ಜಾಸ್ತಿ ಹೊರಬೇಡ, ಭಾರ ಆಗುತ್ತೆ."

ಡೊಮಿಂಗಾ ಕೂಸನ್ನು ಎದೆಗೆ ಕಟ್ಟಿಕೊಂಡಳು. ರೊಟ್ಟಿಯನ್ನು ಮಾತ್ರ ಒಡತಿಗೆ ಕಾಣದಂತೆ ಚೀಲದ ತುಂಬ ತುಂಬಿಕೊಂಡಳು.

ಪಟ್ಟಣಕ್ಕೆ ಪಟ್ಟಣವೇ ದನಗಳನ್ನು ಹೊಡೆದುಕೊಂಡು ಬೆಟ್ಟ ಹತ್ತಿತು. ಆದರೆ ಈ ಸಲ ಬಂದವರು ಹೋಗಲು ಬಂದವರಾಗಿರಲಿಲ್ಲ. ಭೇದಿಯಾಗಿ ಇಂಗ್ಲಿಷ್ ಸಿಪಾಯಿಗಳು ಗುಂಪುಗುಂಪಾಗಿ ಸಾಯುತ್ತಿದ್ದಾರೆ ಎಂಬ ಸುದ್ದಿ ಬಂತು, ಬೆಟ್ಟದ ಮೇಲಿನವರು ಹಿಗ್ಗಿದರು. ಸತ್ತವರ ಜಾಗಕ್ಕೆ ಹೊಸ ಹಡಗುಗಳು ಬಂದವು. ಮಳೆ ಹಿಡಿಯಿತು. ದನಗಳು ಕಾಡುಪಾಲಾದವು. ಬೆಳ್ಳಿಯ ಪೆಟ್ಟಿಗೆಯನ್ನು ಹೊರುವವರಿಲ್ಲದೆ ಯಾವುದೋ ಹಳ್ಳದ ಬದಿಯಲ್ಲಿ ಬಿಟ್ಟರು. ದೋನ್ ಗಾಸ್ಪಾರ್ ಬಂದೂಕು ಹಿಡಿದವರ ಜತೆ ಸೇರಿ ದಕ್ಷಿಣಕ್ಕೆ ಹೊರಟುಹೋದ. ಗುಲಾಮರು ಒಬ್ಬೊಬ್ಬರಾಗಿ ಸೌದೆಗೆಂದು ಹೋದವರು ಹಿಂದಿರುಗಲಿಲ್ಲ. ಒಳಬೆಟ್ಟದ ಕಣಿವೆಯೊಂದರಲ್ಲಿ ಅವರೆಲ್ಲ ಗುಡಿಸಲು ಹಾಕಿಕೊಂಡು, ನೆಲ ಕೆದಕಿ ಗೆಣಸು ನೆಟ್ಟಿದ್ದಾರೆಂದು ಡೊಮಿಂಗಾಳಿಗೆ ಹೇಳಿದವಳು ಫಿಲಿಪಾ. ಅದೇ ಮನೆಯಲ್ಲಿ ಬಟ್ಟೆ ಒಗೆಯುತ್ತಿದ್ದವಳು, ನಾಲಿಗೆಗೆ ಮೂಳೆಯಿಲ್ಲದವಳು.

"ಬಾರೇ ಹೋಗಾನ," ಎಂದಳು ಫಿಲಿಪಾ. "ಇವ್ರಿಗೆ ಊರು ಹೋಗು ಅಂತು, ಕಾಡೂ ಬಾ ಅಂತಿಲ್ಲ. ಇವ್ರ ಜತೆ ನೀನ್ಯಾಕೆ ಕೊಳೀತೀಯ?"

"ಈ ಕೂಸು?"

"ಯಾರ ಕೂಸು? ನಿನ್ ಮಗೀನ ಬಾಯಿಂದ ಕಿತ್ಕೊಂಡು ತಿಂದೋನು ಕಣೇ ಅವ್ನು! ಮರ್ತೋಯ್ತಾ?"

"ಅದ ನೀನು ನೆಪ್ಪು ಮಾಡ್ಬೇಕಾ?" ಎಂದಳು ಡೊಮಿಂಗಾ. "ಹಾಲು ಕಟ್ಕೊಂಡ್ರೆ ಎದೆ ನೋಯ್ತದೆ. ಇವ್ನು ಕುಡಿದ್ರೆ ನೋವು ಇಳೀತದೆ. ಅದಕ್ಕೇ ಇಟ್ಕೊಂಡಿವ್ನಿ, ಇನ್ನೇನಿಲ್ಲ."

ಫಿಲಿಪಾ ಥೂ ಎಂದು ಉಗಿದು ಹೊರಟುಹೋದಳು. ಡೊಮಿಂಗಾ ಉಳಿದಳು. ತಾನು ಹೇಳಿದ್ದು ನಿಜವೋ ಸುಳ್ಳೋ ಅವಳಿಗೇ ತಿಳಿಯದು. ಮಗು ಹಾಲು ಕುಡಿಯುತ್ತ ಅವಳ ಕುತ್ತಿಗೆಯ ಮಣಿಸರವನ್ನು ಹಿಡಿದುಕೊಳ್ಳುತ್ತಿತ್ತು. ಆ ಬೆರಳುಗಳನ್ನು ಕಂಡರೆ ಒಂದೊಂದು ದಿನ ಮುರಿದುಹಾಕುವಷ್ಟು ಸಿಟ್ಟು ಬರುತ್ತಿತ್ತು. ಒಂದೊಂದು ದಿನ ಬರುತ್ತಿರಲಿಲ್ಲ.

ಉತ್ತರದ ಕರಾವಳಿಗೆ ತಲುಪುವ ಹೊತ್ತಿಗೆ ಲಿಯೊನೋರ್ ಮೂಳೆ ಚಕ್ಕಳವಾಗಿದ್ದಳು. ಅಲ್ಲಿಂದ ಹೆಂಗಸರನ್ನೂ ಮುದುಕರನ್ನೂ ಮರದ ಕಾಂಡ ಕೊರೆದು ಮಾಡಿದ ದೋಣಿಗಳಲ್ಲಿ ಕ್ಯೂಬಾ ದ್ವೀಪಕ್ಕೆ ಸಾಗಿಸುತ್ತಿದ್ದರು. ಬೆಳಗ್ಗೆ ಗಾಳಿ ತಣ್ಣಗಿರುವಾಗಲೇ ಹೊರಡಬೇಕೆಂದು ಅಂಬಿಗ ಅವಸರ ಮಾಡುತ್ತಿದ್ದ.

"ಹತ್ತು," ಎಂದಳು ಲಿಯೊನೋರ್.

ಡೊಮಿಂಗಾ ಮರಳಿನ ಮೇಲೆ ನಿಂತೇ ಇದ್ದಳು. "ನಾ ಬರಕಿಲ್ಲ ಅಮ್ಮಾವ್ರೆ."

"ಬರಲ್ಲ ಅಂದ್ರೆ? ಹೇಳಿದಷ್ಟು ಮಾಡು, ಹತ್ತು!"

ಡೊಮಿಂಗಾ ಅಲುಗಲಿಲ್ಲ. ಹಿಡಿದು ಎಳೆಯಲು ಅಲ್ಲಿ ಆಳುಗಳಿರಲಿಲ್ಲ, ಹೊಡೆಯಲು ಚಾಟಿಯಿರಲಿಲ್ಲ. ಅದು ಲಿಯೊನೋರಳಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಅವಳ ದನಿ ಬದಲಾಯಿತು.

"ಅಲ್ಲಿಗೆ ಬಂದ ತಕ್ಷಣ ಬಿಡುಗಡೆ ಬರೆದುಕೊಡಿಸ್ತೀನಿ. ನನ್ನ ಮಗನ ಆಣೆ."

"ಬಿಡುಗಡೆ ಇಲ್ಲೇ ಐತೆ. ಯಾರೂ ಬರ್ಕೊಡದು ಬ್ಯಾಡ."

"ಹಾಗಾದ್ರೆ ಇವನು? ಹಾಲಿಲ್ಲದೆ ಅಷ್ಟು ನೀರು ಹೇಗೆ ದಾಟ್ತಾನೆ? ಹೋದ ದೋಣೀಲಿ ಎಳೆ ಕೂಸುಗಳು…" ಹೋದ ದೋಣಿಯಲ್ಲಿದ್ದ ಎಳೆಗೂಸುಗಳನ್ನು ಬಟ್ಟೆ ಸುತ್ತಿ ಸಮುದ್ರಕ್ಕೆ ಬಿಟ್ಟಿದ್ದರೆಂದು ಅಂಬಿಗನೇ ಹೇಳಿದ್ದ.

ಬಹಳ ಹೊತ್ತು ಅವಳು ಮಗುವನ್ನು ನೋಡಿದಳು. ಅದು ಡೊಮಿಂಗಾಳ ಎದೆಗೊರಗಿ ನಿದ್ದೆ ಹೋಗಿತ್ತು. ಅಂಬಿಗ ಮತ್ತೆ ಕೂಗಿದ.

"ನೀನೇ ಇಟ್ಕೋ," ಎಂದಳು ಲಿಯೊನೋರ್. "ಅವನಪ್ಪ ಬಂದು ಕರ್ಕೊಂಡು ಬರೋವರೆಗೂ ನೋಡ್ಕೋತೀನಿ ಅಂತ ಮಾತು ಕೊಡು."

"ಮಾತು ಗೀತು ಕೊಡಕಿಲ್ಲ. ಹಾಲು ಕೊಡ್ತೀನಿ."

"ಡೊಮಿಂಗಾ, ನಿನ್ನ ಪಾಸ್ಕುವಾಲಾ ವಿಷಯದಲ್ಲಿ ನಾನು…"

"ಅವಳ ಹೆಸರು ಎತ್ತಬ್ಯಾಡಿ. ಹೋಗಿ, ಹೊತ್ತಾಯ್ತು."

ಲಿಯೊನೋರ್ ಮಗುವಿನ ನೆತ್ತಿಯನ್ನು ಮೂಸಿ ನೋಡಿದಳು. ಮುತ್ತಿಟ್ಟರೆ ಎಚ್ಚರವಾದೀತೆಂದು ಮುತ್ತಿಡಲಿಲ್ಲ. ನಡುಮಟ್ಟದ ನೀರಿಗೆ ಇಳಿದು ದೋಣಿ ಹತ್ತಿ, ಬೆನ್ನು ತಿರುಗಿಸಿ ಕುಳಿತಳು. ದೋಣಿ ಚುಕ್ಕೆಯಾಗುವವರೆಗೂ ತಿರುಗಿ ನೋಡಲಿಲ್ಲ.

ಮಗುವನ್ನು ಕಟ್ಟಿಕೊಂಡು ಡೊಮಿಂಗಾ ಕಣಿವೆಯ ಹಳ್ಳಿಗೆ ಬಂದಾಗ ಜನ ನಗಲೂ ಆರದೆ ಬೈಯಲೂ ಆರದೆ ನೋಡಿದರು. ಫಿಲಿಪಾ ಸೊಂಟದ ಮೇಲೆ ಕೈಯಿಟ್ಟುಕೊಂಡು, "ನೋಡ್ರಪ್ಪಾ, ಎಲ್ರೂ ಹಂದಿ ಹೊಡ್ಕೊಂಡ್ ಬಂದ್ರೆ ಇವ್ಳು ಬೆಳ್ಳಕ್ಕಿ ಹಿಡ್ಕೊಂಡ್ ಬಂದವ್ಳೆ!" ಎಂದಳು. ಆ ಹೆಸರೇ ಉಳಿಯಿತು. ಮೆಲ್ಚೋರ್ ಎಂಬುದನ್ನು ಅಲ್ಲಿ ಯಾರೂ ಬಾಯಲ್ಲಿ ಆಡಲಿಲ್ಲ.

ಬೆಳ್ಳಕ್ಕಿ ಬೆಳೆದ. ಕಪ್ಪು ಮಕ್ಕಳ ನಡುವೆ ಬಿಸಿಲಿಗೆ ಸಿಪ್ಪೆ ಸುಲಿದ ಮೂಗು ಹೊತ್ತು, ಬರಿಮೈಯಲ್ಲಿ ಓಡಾಡಿದ. ಕಾಡುಹಂದಿಯ ಹೆಜ್ಜೆ ಹಸಿಯೋ ಹಳತೋ ಎಂದು ಹೇಳುವುದನ್ನು ಕಲಿತ. ಮರಗೆಣಸಿನ ವಿಷದ ರಸವನ್ನು ಹಿಂಡುವಾಗ ಮರಕ್ಕೆ ತೂಗುಹಾಕಿದ ಚೀಲದ ತುದಿಗೆ ಜೋತುಬೀಳುವುದು ಅವನ ಕೆಲಸ; ಜೋತುಬಿದ್ದು ಜೋಕಾಲಿಯಾಡಿ ಫಿಲಿಪಾಳ ಕೈಯಲ್ಲಿ ಬೈಸಿಕೊಳ್ಳುತ್ತಿದ್ದ. ಡೊಮಿಂಗಾಳನ್ನು ಅವ್ವ ಎಂದ. ಮೊದಲ ಸಲ ಹಾಗೆ ಕರೆದಾಗ ಅವಳು ಮುಖ ತಿರುಗಿಸಿಕೊಂಡಳು. ಆ ಕರೆ ಬೇರೊಬ್ಬಳ ಬಾಯಿಂದ ಬರಬೇಕಿತ್ತು. ಆದರೆ ಕರೆದಷ್ಟು ಸಲವೂ ಮುಖ ತಿರುಗಿಸಲು ಯಾರಿಂದಾದೀತು? ಬರಬರುತ್ತ ಓಗೊಟ್ಟಳು.

"ಅವ್ವ, ನಾನ್ಯಾಕೆ ಬೆಳ್ಳಗಿವ್ನಿ?"

"ಹಾಲು ಜಾಸ್ತಿ ಕುಡ್ದೆ, ಅದಕ್ಕೆ."

ಅವನು ಅದನ್ನೇ ಹಳ್ಳಿಯಲ್ಲೆಲ್ಲ ಹೇಳಿಕೊಂಡು ಬಂದ. ಜನ ಬಿದ್ದು ಬಿದ್ದು ನಕ್ಕರು. ಡೊಮಿಂಗಾ ನಗಲಿಲ್ಲ.

ಇಂಗ್ಲಿಷರು ಬಂದು ಐದು ವರ್ಷವಾಯಿತು. ಸ್ಪೇನಿನ ಕಡೆಯವರಲ್ಲಿ ಕಾಡಿನಲ್ಲಿ ಅಡಗಿ ಕಾದಾಡುತ್ತಿದ್ದವರು ಬೆರಳೆಣಿಕೆಯಷ್ಟು ಉಳಿದಿದ್ದರು. ಕಣಿವೆಯ ಹೊಲಗಳು ಇಂಗ್ಲಿಷರ ಕಣ್ಣಿಗೆ ಬಿದ್ದವು. ಸುಡುವುದಕ್ಕೆ ಬಂದವರೊಡನೆ ಹಳ್ಳಿಯ ಮುಖಂಡ ರಾಜಿ ಮಾಡಿಕೊಂಡ. ನಿಮ್ಮ ನೆಲ ನಿಮಗೆ, ನಿಮ್ಮ ಬಿಡುಗಡೆ ನಿಮಗೆ. ಬದಲಿಗೆ ಸ್ಪೇನಿನವರು ಎಲ್ಲಿ ಕಂಡರೂ ಹಿಡಿದೊಪ್ಪಿಸಬೇಕು.

ಅಂದು ಫಿಲಿಪಾ ಹೊಲಕ್ಕೇ ಹುಡುಕಿಕೊಂಡು ಬಂದಳು. ಮುಖದಲ್ಲಿ ಕುಚೋದ್ಯವಿರಲಿಲ್ಲ. "ನಾಳಿದ್ದು ಇಂಗ್ಲಿಷ್ ಸರದಾರ ಹಳ್ಳಿ ನೋಡಾಕೆ ಬತ್ತಾನಂತೆ. ನಮ್ಮ ಬೆಳ್ಳಕ್ಕೀನ ಎಲ್ ಬಚ್ಚಿಡಾದು? ಮಸಿ ಬಳದ್ರೂ ಆ ಕೂದ್ಲು ಬಿಡ್ತದಾ?"

ಮರುದಿನ ಮಧ್ಯಾಹ್ನ ಡೊಮಿಂಗಾ ಕಳೆ ಕೊಯ್ಯುತ್ತಿದ್ದಾಗ ಹೊಲದಂಚಿನ ಪೊದೆಯಿಂದ ಒಬ್ಬ ಮನುಷ್ಯ ಎದ್ದು ಬಂದ. ಬರಿಗಾಲು, ಎದೆಯವರೆಗೆ ಗಡ್ಡ, ಜ್ವರದಿಂದ ಹಳದಿಗಟ್ಟಿದ ಕಣ್ಣು. ಅವಳು ಕತ್ತಿ ಎತ್ತಿದಳು. ಅವನು ಹರಕು ಟೋಪಿ ತೆಗೆದ. ದೋನ್ ಗಾಸ್ಪಾರ್. ಆ ಮನುಷ್ಯ ತನ್ನ ಮುಂದೆ ಟೋಪಿ ತೆಗೆದದ್ದನ್ನು ಅವಳು ಅದುವರೆಗೆ ಕಂಡಿರಲಿಲ್ಲ.

"ಕೂಗಬೇಡ ಡೊಮಿಂಗಾ. ಕಡೇ ದೋಣಿ ನಾಳೆ ಬೆಳಗ್ಗೆ ಹೊರಡುತ್ತೆ. ಮಗೂನ ಕೇಳಕ್ಕೆ ಬಂದೆ."

"ಕೇಳಾಕೆ ಬಂದ್ರಾ, ತಗೊಂಡೋಗಾಕಾ?"

"ಕೇಳಕ್ಕೆ." ಅವನು ನೆಲದ ಮೇಲೆ ಕುಸಿದು ಕುಳಿತ. "ಲಿಯೊನೋರ್ ಬದುಕಿದಾಳೆ. ಕ್ಯೂಬಾದ ಸಾಂಟಿಯಾಗೊದಲ್ಲಿ ಅವಳ ಅಣ್ಣನ ಮನೇಲಿ. ಬಂದುಹೋಗೋ ಅಂಬಿಗರ ಹತ್ರ ಒಂದೇ ಮಾತು ಹೇಳಿ ಕಳಿಸ್ತಾಳೆ. ಮಗು ಇದಾನಾ, ಮಗು ಇದಾನಾ ಅಂತ."

ಅಷ್ಟರಲ್ಲಿ ಬೆಳ್ಳಕ್ಕಿ ಓಡಿಬಂದು ಡೊಮಿಂಗಾಳ ಕಾಲಿಗೆ ಆತುಕೊಂಡ. ಗಾಸ್ಪಾರ್ ಕೈ ಚಾಚಲಿಲ್ಲ. ಸುಮ್ಮನೆ ನೋಡಿದ. ಹುಡುಗ, "ಅವ್ವ, ಈ ತಾತಂಗೆ ಹಸಿವಾಗೈತಾ?" ಎಂದು ಕೇಳಿದ. ಆಗ ಅವನ ಗಡ್ಡದ ಮೇಲೆ ನೀರಿಳಿಯಿತು.

ಡೊಮಿಂಗಾ ರೊಟ್ಟಿ ಕೊಟ್ಟಳು. ಅವನು ತಿನ್ನುವವರೆಗೂ ಕಾದಳು. ಕೊನೆಗೆ ಅವನೇ ಹೇಳಿದ: "ನೀನೂ ಬಾ."

"ಏನಾಗಿ ಬರ್ಲಿ?"

ಗಾಸ್ಪಾರ್ ಬಾಯಿ ತೆರೆದ. ಸುಳ್ಳು ಹೇಳಬಹುದಿತ್ತು, ಅವನ ಹೆಂಡತಿ ಒಮ್ಮೆ ಹೇಳಿದಂತೆ. ಆದರೆ ಕಡಲಾಚೆ ಅವಳ ಪಾಲಿಗೆ ಏನು ಕಾದಿದೆ ಎಂಬುದು ಇಬ್ಬರಿಗೂ ತಿಳಿದದ್ದೇ. ಅವನು ತಲೆ ತಗ್ಗಿಸಿದ. ಆ ಮೌನಕ್ಕಾಗಿ ಡೊಮಿಂಗಾ ಅವನನ್ನು ಸ್ವಲ್ಪ ಮಟ್ಟಿಗೆ ಕ್ಷಮಿಸಿದಳು.

"ಸಂಜೆ ಒಳಗೆ ಇಲ್ಲಿಂದ ಇಳೀಬೇಕು. ದಾರಿ ನಾ ತೋರಿಸ್ತೀನಿ, ನಮ್ಮೋರ ಕಾವಲಿಲ್ಲದ ದಾರಿ," ಎಂದಳು.

ದಾರಿಯುದ್ದಕ್ಕೂ ಬೆಳ್ಳಕ್ಕಿ ಕುಣಿದುಕೊಂಡು ನಡೆದ. ಅವನಿಗೆ ಸಮುದ್ರ ನೋಡಿದ ನೆನಪಿರಲಿಲ್ಲ. ಸಮುದ್ರ ನಮ್ಮ ಹೊಳೆಗಿಂತ ದೊಡ್ಡದೇ, ಅದರಲ್ಲಿ ಹಂದಿ ಇರುತ್ತವೆಯೇ, ಈ ತಾತ ಯಾಕೆ ಏದುಸಿರು ಬಿಡುತ್ತಾನೆ? ಡೊಮಿಂಗಾ ಎಲ್ಲಕ್ಕೂ ಉತ್ತರ ಹೇಳಿದಳು. ಸುಸ್ತಾದಾಗ ಬೆನ್ನಿಗೆ ಕಟ್ಟಿಕೊಂಡಳು. ಭಾರವಾಗಿದ್ದ, ಐದು ವರ್ಷದ ಗಂಡು. ಆದರೂ ಇಳಿಸಲಿಲ್ಲ.

ಬೆಳಕು ಹರಿದಾಗ ದೋಣಿಯವರು ಕಾಯುತ್ತಿದ್ದರು. ಗಾಸ್ಪಾರ್ ಮೊದಲು ಹತ್ತಿದ. ಡೊಮಿಂಗಾ ಮಗುವನ್ನೆತ್ತಿಕೊಂಡು ನೀರಿಗಿಳಿದು, ದೋಣಿಯಲ್ಲಿ ಕೂರಿಸಿದಳು.

"ನೀನೂ ಹತ್ತು ಅವ್ವ."

"ಇದ್ರಲ್ಲಿ ಜಾಗ ಇಲ್ಲ ಕಣಪ್ಪ. ನಾ ಹಿಂದೆ ಬರೋ ದೋಣೀಲಿ ಬತ್ತೀನಿ."

"ಆ ದೋಣಿ ಎಲ್ಲೈತೆ?"

"ಬತ್ತೈತೆ."

"ಮಾತು ಕೊಡು."

ಡೊಮಿಂಗಾ ಅವನ ಅಂಗೈ ಮೇಲೆ ಅಂಗೈ ಇಟ್ಟಳು. "ಮಾತು ಕೊಟ್ಟೆ."

ಅವನು ನಂಬಿದ. ದೋಣಿ ಅಲೆಗಳನ್ನು ದಾಟುವವರೆಗೂ ನಗುತ್ತ ಕೈ ಬೀಸಿದ. ಆಮೇಲೆ ದಡದಲ್ಲಿ ಬೇರೆ ದೋಣಿಯಿಲ್ಲ ಎಂಬುದು ಅವನ ಕಣ್ಣಿಗೆ ಬಿತ್ತೇನೋ. ಎದ್ದು ನಿಂತು ಕೂಗತೊಡಗಿದ. ಅವ್ವಾ, ಅವ್ವಾ ಎಂಬ ಕೂಗು ನೀರಿನ ಮೇಲೆ ತೇಲಿ ಬಂತು. ಗಾಸ್ಪಾರ್ ಅವನನ್ನು ಎರಡೂ ಕೈಯಲ್ಲಿ ಅವಚಿ ಹಿಡಿದದ್ದು ಕಂಡಿತು. ಡೊಮಿಂಗಾ ಬೆನ್ನು ತಿರುಗಿಸಲಿಲ್ಲ. ಅವನು ನೋಡುವಷ್ಟು ಹೊತ್ತೂ ತಾನು ಕಾಣುತ್ತಿರಲಿ ಎಂದು ಎದೆಮಟ್ಟದ ನೀರಿನಲ್ಲೇ ನಿಂತಿದ್ದಳು.

ಹಳ್ಳಿಗೆ ಮರಳಿದಾಗ ಇಂಗ್ಲಿಷ್ ಸರದಾರ ಬಂದು, ಹಂದಿಮಾಂಸ ತಿಂದು, ಹೋಗಿಯಾಗಿತ್ತು. ಫಿಲಿಪಾ ಗುಡಿಸಲ ಮುಂದೆ ಕುಳಿತಿದ್ದಳು. ಡೊಮಿಂಗಾಳ ಬರಿಗೈಯನ್ನು ಕಂಡದ್ದೇ ತಡ, "ನಮ್ ಬೆಳ್ಳಕ್ಕಿ ಹಾರೋಯ್ತೇನೇ," ಎಂದು ಎದೆ ಬಡಿದುಕೊಂಡು ಅತ್ತಳು. ಡೊಮಿಂಗಾಳಿಗೆ ಅಳು ಬರಲಿಲ್ಲ. ಅವಳೇ ಫಿಲಿಪಾಳ ಬೆನ್ನು ಸವರಿದಳು.

ವರ್ಷಗಳು ಕಳೆದ ಮೇಲೆ, ಕಡಲಾಮೆ ಹಿಡಿಯಲು ಕ್ಯೂಬಾದಿಂದ ಬಂದು, ರೊಟ್ಟಿ ಕೇಳಲು ಹಳ್ಳಿಗೆ ಹತ್ತಿದ್ದ ಬೆಸ್ತನೊಬ್ಬನನ್ನು ಅವಳು ಕೇಳಿದಳು: ಸ್ಪೇನಿನವರ ಕಡೇ ದೋಣಿ ಕ್ಯೂಬಾ ಮುಟ್ಟಿತೇ? ಮುಟ್ಟಿತು ಎಂದ ಅವನು. ಅದರಲ್ಲೊಂದು ಮಗು ಇತ್ತೇ? ಯಾರೋ ಹುಡುಗ ಇದ್ದನಂತೆ, ಸ್ಪೇನಿನ ಹೆಂಗಸೊಬ್ಬಳು ಓಡಿಬಂದು ತಬ್ಬಿಕೊಂಡರೆ ಕಚ್ಚಿಬಿಟ್ಟನಂತೆ, ದಿನಾ ದಡಕ್ಕೆ ಹೋಗಿ ಕೂರುತ್ತಿದ್ದನಂತೆ. ಆಮೇಲೆ ಏನಾದನೋ ತನಗೆ ತಿಳಿಯದು ಎಂದ.

"ಎಷ್ಟು ದಿನ ಕೂತಿದ್ದ?" ಎಂದು ಕೇಳಿದಳು ಡೊಮಿಂಗಾ.

"ಅದ್ಯಾರಿಗೆ ಗೊತ್ತಮ್ಮ. ಮಕ್ಕಳಲ್ವಾ, ಮರೀತವೆ."

"ಹೂಂ. ಮರೀಲಿ," ಎಂದಳು ಅವಳು. ಅವನಿಗೆ ರೊಟ್ಟಿ ಕೊಟ್ಟು ಕಳಿಸಿ, ಬುಟ್ಟಿ ಎತ್ತಿಕೊಂಡು ಗೆಣಸಿನ ಹೊಲದ ಕಡೆ ನಡೆದಳು. ಬೆಟ್ಟದ ಮೊದಲ ತಿರುವು ದಾಟಿದ ಮೇಲೆ, ಯಾರೂ ಇಲ್ಲದ ಕಡೆ, ಬುಟ್ಟಿ ಇಳಿಸಿ ಕುಳಿತುಬಿಟ್ಟಳು.