ಮೂರನೇ ಮೆಷಿನ್ನಿನ ಗೊರಗೊರ

ನಮ್ಮ ಕಂಪನಿ ಮಾಡುವುದು ಒಂದೇ ವಸ್ತು, ಅಂಗೈಯಗಲದ ರೆಕಾರ್ಡರ್. ಹಾಡುವವರು, ಬಾರಿಸುವವರು ಜೇಬಿನಲ್ಲಿ ಇಟ್ಟುಕೊಂಡು ಹೋಗಿ ತಮ್ಮ ಸಂಗೀತವನ್ನು ಎಲ್ಲಿ ಬೇಕಾದರೂ ಹಿಡಿದಿಟ್ಟುಕೊಳ್ಳಬಹುದು. ಕೊಂಡವರು ಅದರ ಬಗ್ಗೆ ಬರೆಯುವ ಅಭಿಪ್ರಾಯಗಳನ್ನು ಓದುವುದು ನನ್ನ ಕೆಲಸ. ಹೊಗಳಿಕೆಯೆಲ್ಲ ಜಾಹೀರಾತಿನವರಿಗೆ ಹೋಗುತ್ತದೆ, ಬೈಗುಳ ನನ್ನ ಪಾಲಿಗೆ. ಬೈದವರಿಗೆ ಕಳಿಸಲು ಸಿದ್ಧ ಉತ್ತರಗಳಿವೆ. ಅದರಾಚೆ ಒಂದಕ್ಷರ ಹೆಚ್ಚು ಬರೆದರೂ ಮೇಲ್ವಿಚಾರಕರು ಕುರ್ಚಿ ಎಳೆದುಕೊಂಡು ಬಂದು ಪಕ್ಕದಲ್ಲಿ ಕೂರುತ್ತಾರೆ. ಅವರಿಗೆ ನಾವಿಟ್ಟ ಹೆಸರು ತಣ್ಣೀರು. ಯಾರ ಉತ್ಸಾಹ ಕಂಡರೂ ಎರಚದೆ ಬಿಡುವವರಲ್ಲ.

ಓದಿ ಓದಿ ನನಗೆ ಮನುಷ್ಯರ ಮೇಲೆ ಒಂದು ಬಗೆಯ ಅಸಡ್ಡೆ ಬಂದುಬಿಟ್ಟಿತ್ತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಶ್ರುತಿ ಸೇರದವರೆಲ್ಲ ಮೈಕು ಸರಿಯಿಲ್ಲ ಎಂದು ಬರೆಯುತ್ತಿದ್ದರು. ಒಬ್ಬ ಮಹಾಶಯ ಬ್ಯಾಟರಿ ಹಾಕದೆಯೇ ಒಂದು ನಕ್ಷತ್ರ ಕೊಟ್ಟಿದ್ದ. ಇನ್ನೊಬ್ಬ ಮಹಾತಾಯಿ ಗಂಡನ ಗೊರಕೆಯನ್ನು ಹಿಡಿದುಕೊಟ್ಟದ್ದಕ್ಕೆ ಐದು ನಕ್ಷತ್ರ ಕೊಟ್ಟು, ಇನ್ನು ಇವರ ಆಟ ನಡೆಯುವುದಿಲ್ಲ ಎಂದು ಬರೆದಿದ್ದಳು. ನಾನೂ ರಿಪೇರಿ ಅಣ್ಣನೂ ಅಂಥವನ್ನು ಊಟದ ಹೊತ್ತಿಗೆ ಓದಿಕೊಂಡು ನಗುತ್ತಿದ್ದೆವು.

ಪಿಟೀಲು ಮೇಷ್ಟ್ರೊಬ್ಬರ ಅಭಿಪ್ರಾಯಕ್ಕೂ ಮೊದಲ ಸಲ ನಕ್ಕಿದ್ದೆವು. 'ನಾದ ಇದ್ದ ಹಾಗೇ ಬರುತ್ತದೆ, ಸಂತೋಷ. ಆದರೆ ಹಿಂದೆ ಏನೋ ಗೊರಗೊರ ಅನ್ನುತ್ತದೆ. ಬೇರೆ ಕೊಡಿ' ಎಂದು ಬರೆದಿದ್ದರು. ಕಳಿಸಿದೆವು. ಎರಡನೆಯದರಲ್ಲೂ ಅದೇ ದೂರು. ಮತ್ತೊಂದು ಕಳಿಸಿದೆವು. ಈಗ ಮೂರನೆಯದಕ್ಕೆ ಒಂದೇ ನಕ್ಷತ್ರ ಬಿದ್ದಿತ್ತು. 'ಇದರಲ್ಲಿ ಗೊರಗೊರ ಇನ್ನೂ ಜೋರು. ಬಾರಿಸದೆ ಸುಮ್ಮನೆ ಕೂತಾಗಲೂ ಬರುತ್ತಿದೆ. ಮಾದರಿ ಕಳಿಸಿದ್ದೇನೆ, ದಯವಿಟ್ಟು ಕೇಳಿ.'

ಹೆಡ್‌ಫೋನ್ ಹಾಕಿಕೊಂಡು ಕೇಳಿದೆ. ಪಿಟೀಲು ಚೆನ್ನಾಗಿತ್ತು, ಪಳಗಿದ ಕೈ. ಆಮೇಲೆ ಕಮಾನು ಕೆಳಗಿಟ್ಟ ಸದ್ದು, ಕುರ್ಚಿ ಕಿರುಗುಟ್ಟಿದ್ದು. ಆಮೇಲೆ ಅದು ಬಂತು. ನೀರು ಕುದಿ ಹತ್ತುವ ಮೊದಲು ಪಾತ್ರೆಯ ತಳದಲ್ಲಿ ಏಳುತ್ತದಲ್ಲ, ಅಂಥ ಗುಳುಗುಳು. ಅದರ ಕೊನೆಗೆ ಒಂದು ಸಣ್ಣ ಸಿಳ್ಳೆ. ಸ್ವಲ್ಪ ಬಿಟ್ಟು ಮತ್ತೆ ಗುಳುಗುಳು. ಈ ಸದ್ದನ್ನು ನಾನು ಎಲ್ಲೋ ಕೇಳಿದ್ದೆ, ಎಲ್ಲಿ ಎಂದು ನೆನಪು ಮಾಡಿಕೊಳ್ಳಲು ಮನಸ್ಸು ಒಪ್ಪುತ್ತಿರಲಿಲ್ಲ.

ಎದ್ದು ರಿಪೇರಿ ಅಣ್ಣನ ಮೇಜಿಗೆ ಹೋದೆ. ಮೇಷ್ಟ್ರು ವಾಪಸು ಕಳಿಸಿದ ಎರಡೂ ಮೆಷಿನ್ನು ಅಲ್ಲೇ ಇದ್ದವು.

"ಇದ್ರಲ್ಲಿ ಏನು ಕೆಟ್ಟಿತ್ತಣ್ಣ?"

"ಏನೂ ಇಲ್ಲ. ಎರಡೂ ಕನ್ನಡಿ ಹಾಗಿದಾವೆ. ಆ ಯಜಮಾನರಿಗೆ ಕಿವೀಲಿ ಏನೋ ತೊಂದರೆ."

"ಹೇಗೆ ಟೆಸ್ಟ್ ಮಾಡ್ತೀಯ?"

ಅವನು ಮೂಲೆಯ ಪುಟ್ಟ ಕೋಣೆಯತ್ತ ಕೈ ತೋರಿಸಿದ. ಗೋಡೆಗೆಲ್ಲ ಸ್ಪಂಜು ಬಡಿದ ಕೋಣೆ ಅದು. "ಆನ್ ಮಾಡಿ ಒಳಗಿಟ್ಟು ಬಾಗಿಲು ಹಾಕ್ಕೊಂಡು ಬರ್ತೀನಿ. ಅದರ ಪಾಡಿಗೆ ಅದು ಓಡುತ್ತೆ."

"ಒಳಗೆ ಯಾರೂ ಇರಲ್ವಾ?"

"ಯಾರಾದ್ರೂ ಇದ್ರೆ ಉಸಿರಾಡ್ತಾರಲ್ಲಮ್ಮ, ಆ ಸದ್ದೂ ಸೇರ್ಕೊಳ್ಳುತ್ತೆ" ಎಂದು ಅವನು ನಕ್ಕ.

ನನಗೆ ನಗು ಬರಲಿಲ್ಲ. ಆ ಮಾದರಿಯನ್ನು ಒಂದು ರೆಕಾರ್ಡರಿಗೆ ಹಾಕಿಕೊಂಡು, ಹೆಡ್‌ಫೋನ್ ಸಮೇತ ಹೊರಗೆ ಬಂದೆ. ಮೆಟ್ಟಿಲ ಮೇಲೆ ಕುಳಿತು ಅಮ್ಮನಿಗೆ ಫೋನ್ ಮಾಡಿದೆ. ಇದನ್ನು ಸ್ವಲ್ಪ ಕೇಳು ಎಂದಷ್ಟೇ ಹೇಳಿ, ಹೆಡ್‌ಫೋನನ್ನು ಫೋನಿಗೆ ಹಿಡಿದೆ. ಅವಳಿಗೆ ಏನೂ ವಿವರಿಸಲಿಲ್ಲ. ನನ್ನ ತಲೆ ಕೆಟ್ಟಿದೆ, ಸುಮ್ಮನೆ ಹೆದರುತ್ತಿದ್ದೇನೆ ಎಂದು ಅವಳ ಬಾಯಿಂದ ಕೇಳಬೇಕಾಗಿತ್ತು.



"ನಿಮ್ಮಪ್ಪನ ಉಸಿರನ್ನ ಯಾವಾಗ ರೆಕಾರ್ಡ್ ಮಾಡಿಟ್ಕೊಂಡಿದ್ದೆ?" ಎಂದಳು ಅಮ್ಮ. "ನಿಲ್ಸು. ಮೊದ್ಲು ನಿಲ್ಸೇ ಅದನ್ನ."

ಅಪ್ಪನ ಕೋಣೆಗೂ ನನ್ನ ಕೋಣೆಗೂ ನಡುವೆ ಒಂದೇ ಗೋಡೆ ಇತ್ತು. ಕೊನೆಕೊನೆಗೆ ಆ ಗೋಡೆಯಾಚೆಯಿಂದ ಬರುತ್ತಿದ್ದದ್ದು ಇದೇ ಸದ್ದು. ಕಫ ಎಂದರು ಅಪ್ಪ. ಮನೆಯವರೆಲ್ಲ ಹೌದೆಂದು ತಲೆಯಾಡಿಸಿ, ಬಿಸಿನೀರಿನ ಹಬೆ ಕೊಟ್ಟೆವು. ಅದು ಕಫವಲ್ಲ, ಸೋತ ಹೃದಯದಿಂದ ಎದೆಯಲ್ಲಿ ತುಂಬಿಕೊಂಡ ನೀರು ಎಂದು ಗೊತ್ತಾಗುವ ಹೊತ್ತಿಗೆ ಅಪ್ಪ ಇರಲಿಲ್ಲ.

ತಣ್ಣೀರಿಗೆ ಎಲ್ಲವನ್ನೂ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿದರು.

"ನೀನೇನು ಡಾಕ್ಟರಾ?"

"ಅಲ್ಲ ಸರ್."

"ನೋಡಮ್ಮ, ನಾವು ಮೆಷಿನ್ ಮಾರೋರು. ಮೆಷಿನ್ ತಗೊಂಡೋರಿಗೆ ನಿಮಗೆ ರೋಗ ಇದೆ ಅಂತ ಫೋನ್ ಮಾಡಿದ್ರೆ ಏನಂತಾರೆ? ಇಲ್ಲದ್ದನ್ನ ಹೇಳಿ ಆ ಮನುಷ್ಯನ ಎದೆ ಒಡೆದ್ರೆ?"

ಅವರ ಮಾತಲ್ಲಿ ತಪ್ಪೇನಿರಲಿಲ್ಲ. ಅದೇ ನನ್ನನ್ನು ಇನ್ನಷ್ಟು ಹೆದರಿಸಿತು. ಹೇಳಿದರೂ ಕೊಲ್ಲಬಹುದು, ಹೇಳದಿದ್ದರೂ ಕೊಲ್ಲಬಹುದು.

"ಮೆಷಿನ್ ಬದಲಾಯಿಸೋ ವಿಷಯಕ್ಕೆ ಫೋನ್ ಮಾಡ್ಬಹುದಲ್ವಾ?" ಎಂದು ಕೇಳಿದೆ.

ತಣ್ಣೀರು ಕಿಟಕಿಯ ಕಡೆ ನೋಡಿದರು. "ಅದಕ್ಕೆ ಮಾಡ್ಬಹುದು" ಎಂದರು.

ಮೇಷ್ಟ್ರ ನಂಬರು ಒತ್ತಿದೆ. ರಿಂಗಾಯಿತು, ಆಗುತ್ತಲೇ ಇತ್ತು. ತಡವಾಗಿಹೋಯಿತು, ನಾನು ಮೆಟ್ಟಿಲ ಮೇಲೆ ಕೂತಿದ್ದ ಹೊತ್ತಲ್ಲೇ ಆಗಬಾರದ್ದು ಆಗಿಹೋಯಿತು ಎಂದುಕೊಂಡೆ. ಆಮೇಲೆ ಯಾರೋ ಎತ್ತಿಕೊಂಡರು. ಮಾತಿಗಿಂತ ಮೊದಲು ಬಂದದ್ದು ಆ ಗುಳುಗುಳು, ಈಗ ಮೆಷಿನ್ನಿನ ಹಂಗಿಲ್ಲದೆ ನೇರ ನನ್ನ ಕಿವಿಗೆ.

"ಪಿಟೀಲು ಮೇಷ್ಟ್ರಾ? ರೆಕಾರ್ಡರ್ ಕಂಪನಿಯಿಂದ ಮಾತಾಡ್ತಿರೋದು."

"ಓಹೋ! ನಾಲ್ಕನೇದು ಕಳಿಸ್ತೀರಾ?" ಒಂದು ಮಾತಿಗೂ ಇನ್ನೊಂದು ಮಾತಿಗೂ ನಡುವೆ ಅವರು ಉಸಿರಿಗಾಗಿ ನಿಲ್ಲುತ್ತಿದ್ದರು.

"ಮೇಷ್ಟ್ರೇ, ಮೆಷಿನ್ ಸರಿಯಾಗಿದೆ. ಮೂರೂ ಸರಿಯಾಗಿದಾವೆ." ಎಂದೆ. "ಆ ಸದ್ದು..."

"ಗೊತ್ತು ತಾಯಿ."

ಅವರೇ ಮುಂದುವರಿಸಿದರು.

"ಮೂರು ಮೆಷಿನ್ನಿಗೂ ಒಂದೇ ಕಾಯಿಲೆ ಬರುತ್ತಾ? ಅಷ್ಟೂ ತಿಳಿಯಲ್ವಾ ನನಗೆ? ಜೀವಮಾನವೆಲ್ಲ ಮಕ್ಕಳಿಗೆ ಅಪಸ್ವರ ಎಲ್ಲಿಂದ ಬರ್ತಿದೆ ಅಂತ ಹುಡುಕಿಕೊಟ್ಟೋನು ನಾನು."

"ಮತ್ತೆ ಯಾಕೆ ವಾಪಸ್ ಕಳಿಸಿದ್ರಿ?"

ಅವರು ಉಸಿರು ಎಳೆದುಕೊಳ್ಳುವವರೆಗೂ ನಾನು ಕಾದೆ.

"ಮೆಷಿನ್ ಕೆಟ್ಟಿದ್ರೆ ನೀವು ಬದಲಾಯಿಸಿ ಕೊಡ್ತೀರಲ್ಲಮ್ಮ" ಎಂದರು.

ನನ್ನ ಕಣ್ಣು ತುಂಬಿ ಮುಂದಿನ ಪರದೆ ಕಾಣಿಸಲಿಲ್ಲ. ಪಕ್ಕದಲ್ಲಿ ತಣ್ಣೀರು ಬಂದು ನಿಂತದ್ದು ಗೊತ್ತಾಯಿತು. ಫೋನ್ ಕಿತ್ತುಕೊಳ್ಳುತ್ತಾರೆ ಎಂದುಕೊಂಡೆ. ಅವರು ಕಿತ್ತುಕೊಳ್ಳಲಿಲ್ಲ.

"ಡಾಕ್ಟರ ಹತ್ರ ಹೋಗಿ ಮೇಷ್ಟ್ರೇ. ಇವತ್ತೇ. ಈಗಲೇ."

"ಭಯ ಆಗುತ್ತಮ್ಮ. ಹೋದ್ರೆ ಅವರು ಹೆಸರಿಟ್ಟು ಹೇಳ್ತಾರೆ. ಇಲ್ಲಿದ್ರೆ ಬರೀ ಗೊರಗೊರ."

"ನನಗೂ ಭಯ ಆಗ್ತಿದೆ" ಎಂದೆ. ಕಂಪನಿಯ ಯಾವ ಸಿದ್ಧ ಉತ್ತರದಲ್ಲೂ ಈ ಮಾತಿಲ್ಲ. "ನಮ್ಮಪ್ಪನಿಗೂ ಹೀಗೇ ಬರ್ತಿತ್ತು."

"ಹೌದಾ? ಅವರು ಹೋದ್ರಾ, ಡಾಕ್ಟರ ಹತ್ರ?"

ಹೌದು ಅಂದುಬಿಡಬಹುದಿತ್ತು. ಹೋದರು, ಈಗ ಗುಂಡುಕಲ್ಲಿನ ಹಾಗಿದ್ದಾರೆ ಎಂದರೆ ಮುದುಕರು ಧೈರ್ಯ ಮಾಡಿಯಾರು. ಆದರೆ ಅಪಸ್ವರ ಹಿಡಿಯುವ ಆ ಕಿವಿಗೆ ಸುಳ್ಳು ಹೇಳಲು ನನಗೆ ಹೆದರಿಕೆಯಾಯಿತು.

"ಇಲ್ಲ ಮೇಷ್ಟ್ರೇ. ಹೋಗ್ಲಿಲ್ಲ."

ಆ ಕಡೆಯಿಂದ ಒಂದು ಉಸಿರು ಬಂತು, ಹೋಯಿತು. ಮತ್ತೊಂದು ಬರಲು ಎಷ್ಟು ಹೊತ್ತಾಯಿತೆಂದರೆ ನಾನು ಮೇಜಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡೆ.

"ಕೆಳಗೆ ಟೈಲರ್ ಇದಾನೆ" ಎಂದರು ಮೇಷ್ಟ್ರು ಕೊನೆಗೆ. "ಅವನ ಹತ್ರ ಗಾಡಿ ಇದೆ."

"ಕರೀರಿ. ನಾನು ಫೋನ್ ಇಡಲ್ಲ."

ಕುರ್ಚಿ ಹಿಂದಕ್ಕೆ ಸರಿದ ಸದ್ದು ಕೇಳಿಸಿತು. ಕಿಟಕಿ ತೆರೆದರು, ಟೈಲರನ್ನು ಕೂಗಿದರು. ಮೊದಲ ಸಲ ದನಿಯೇ ಹೊರಡಲಿಲ್ಲ. ಎರಡನೇ ಸಲ ಕೆಳಗಿನಿಂದ ಯಾರೋ ಓಗೊಟ್ಟರು. ಆಮೇಲೆ ಕೋಣೆಯೊಳಗೆಲ್ಲ ಅವರು ಕಾಲೆಳೆದುಕೊಂಡು ಓಡಾಡುವುದು, ಹಾಳಾದ ಚಪ್ಪಲಿ ಎಲ್ಲಿ ಬಿಟ್ಟೆನೋ ಎಂದು ತಮ್ಮನ್ನೇ ಬೈದುಕೊಳ್ಳುವುದು ಕೇಳಿಸುತ್ತಿತ್ತು.