‘ಸುಮಾರು’ ಎನ್ನದ ಓಬಳೆಪ್ಪನವರು

ಓಬಳೆಪ್ಪನವರ ಬಾಯಿಂದ ‘ಸುಮಾರು’ ಎಂಬ ಮಾತು ಕೇಳಿದವರು ಈಚಿನ ಹದಿನೆಂಟು ವರ್ಷಗಳಲ್ಲಿ ಯಾರೂ ಇಲ್ಲ. ಊಟಕ್ಕೆ ಎಷ್ಟು ಮಂದಿ ಎಂದು ಕೇಳಿದರೆ ಅವರು ಬೆರಳು ಮಡಚಿ ಎಣಿಸಿ ಹತ್ತೊಂಬತ್ತು ಎಂದಾರು, ಇಪ್ಪತ್ತು ಎನ್ನಲಾರರು. ಯಲಬುರ್ಗಾದ ಬಸ್ ನಿಲ್ದಾಣದಲ್ಲಿ ಯಾರಾದರೂ ಕೊಪ್ಪಳದ ಬಸ್ಸು ಎಷ್ಟೊತ್ತಿಗೆ ಎಂದು ವಿಚಾರಿಸಿದರೆ, ನಿನ್ನೆ ಅದು ಹತ್ತು ಗಂಟೆ ಹದಿನೇಳು ನಿಮಿಷಕ್ಕೆ ಬಂದಿತ್ತೆಂದೂ ಇವತ್ತಿನದನ್ನು ಬಂದ ಮೇಲೆ ಹೇಳುವೆನೆಂದೂ ಗಂಭೀರವಾಗಿ ಉತ್ತರಿಸುತ್ತಾರೆ. ಕೇಳಿದವರು ನಗುತ್ತಾರೆ. ಓಬಳೆಪ್ಪನವರು ನಗುವುದಿಲ್ಲ, ಏಕೆಂದರೆ ಅವರು ಹೇಳಿದ್ದು ತಮಾಷೆಯಲ್ಲ.

ಮೂವತ್ತೊಂದು ವರ್ಷ ಅವರು ಮಾಡಿದ ಕೆಲಸ ಜಲಾಶಯದ ನೀರಿನ ಮಟ್ಟ ಓದುವುದು. ಬೆಳಗಿನ ಆರಕ್ಕೆ ಪಾಚಿಗಟ್ಟಿದ ಮೆಟ್ಟಿಲಿಳಿದು, ಕಲ್ಲಿನ ಮೇಲೆ ಬಿಳಿ ಬಣ್ಣದಲ್ಲಿ ಬರೆದ ಅಡಿಯ ಗುರುತುಗಳನ್ನು ಬಾಗಿ ನೋಡಿ, ಮತ್ತೊಮ್ಮೆ ನೋಡಿ, ಆ ಅಂಕಿಯನ್ನು ಮೇಲಿನವರಿಗೆ ತಿಳಿಸುವುದು. ಸಂಜೆ ಆರಕ್ಕೆ ಮತ್ತೆ ಅದೇ. ಅಷ್ಟು ವರ್ಷ ಮೆಟ್ಟಿಲಿಳಿದ ಕಾಲುಗಳು ಈಗ ಸಪಾಟು ರಸ್ತೆಯನ್ನೂ ನಂಬುವುದಿಲ್ಲ. ಬಲಗಾಲಿನ ಹೆಬ್ಬೆರಳು ಮೊದಲು ಮುಂದೆ ಹೋಗಿ ನೆಲವನ್ನು ವಿಚಾರಿಸಿಕೊಂಡು ಬಂದ ಮೇಲೆಯೇ ಉಳಿದ ಓಬಳೆಪ್ಪನವರು ಹೊರಡುತ್ತಾರೆ. ಮೈಮೇಲೆ ಬಿಸಿಲಿರಲಿ ಮಳೆಯಿರಲಿ ಒಂದು ಖಾಕಿ ಕೋಟು, ಅದರ ಎದೆಯ ಜೇಬಿನಲ್ಲಿ ತುದಿ ಕಚ್ಚಿದ ಪೆನ್ಸಿಲು. ಅಂಕಿಯನ್ನು ಎರಡು ಸಲ ಹೇಳುವುದು ಅವರ ವಾಡಿಕೆ, ಫೋನಿನ ಆ ತುದಿಯಲ್ಲಿ ಬರೆದುಕೊಳ್ಳುವವನಿಗೆ ತಪ್ಪಬಾರದೆಂದು. ಬಂಧುಗಳ ಹುಟ್ಟು, ಸಾವು, ಮದುವೆಗಳೆಲ್ಲ ಅವರ ನೆನಪಿನಲ್ಲಿ ತಾರೀಖಿನಿಂದಲ್ಲ, ಮಟ್ಟದಿಂದ ನಿಂತಿವೆ. ಅಕ್ಕನ ಮೊಮ್ಮಗಳು ಶ್ವೇತಾ ಹುಟ್ಟಿದ ಬೆಳಿಗ್ಗೆ ನೀರು ಸಾವಿರದ ಆರುನೂರಾ ಮೂವತ್ತೊಂದು ಅಡಿ ಇತ್ತು. ತುಂಬಲು ಇನ್ನೆರಡೇ ಅಡಿ ಬಾಕಿ ಇದ್ದಾಗ ಬಂದ ಹುಡುಗಿ ಎಂದು ಅವರಿಗೆ ಅವಳ ಮೇಲೆ ವಿಶೇಷ ಅಕ್ಕರೆ.

ಹೊಳೆಯ ಮೇಲಿನ ಪಾತ್ರದಲ್ಲಿ, ನೀರು ಇಲ್ಲಿಗೆ ಬಂದು ಮುಟ್ಟಲು ಒಂದೂವರೆ ದಿನ ಹಿಡಿಯುವಷ್ಟು ದೂರದ ಒಂದು ಊರಿನಲ್ಲಿ, ಫಕ್ರುದ್ದೀನ ಎಂಬವರು ಇದೇ ಕೆಲಸದಲ್ಲಿದ್ದರು. ಪ್ರತಿದಿನ ಬೆಳಿಗ್ಗೆ ಎಂಟಕ್ಕೆ ಅವರಿಂದ ಫೋನು. ಕುಶಲ ಪ್ರಶ್ನೆಯಿಲ್ಲ, ಹವೆಯ ಮಾತಿಲ್ಲ. ಅಂಕಿ ಎರಡು ಸಲ, ಆಮೇಲೆ ಫೋನು ಕೆಳಗಿಡುವ ಮುಂಚೆ ‘ಇಡ್ಲೇನ್ರಿ’ ಎಂಬ ಒಂದು ಮಾತು. ಈಗ ಇಬ್ಬರೂ ನಿವೃತ್ತರು. ಮಟ್ಟವನ್ನು ತಾನೇ ಓದಿ ತಾನೇ ಕಳಿಸುವ ಯಂತ್ರಗಳು ಬಂದು, ಇವರಿಬ್ಬರ ಅಂಕಿ ಲೋಕದಲ್ಲಿ ಯಾರಿಗೂ ಬೇಕಾಗಿಲ್ಲ. ಆದರೂ ಫೋನು ಮಾತ್ರ ನಿಂತಿಲ್ಲ. ಒಬ್ಬರ ಮುಖವನ್ನು ಒಬ್ಬರು ಕಂಡವರಲ್ಲ.

ಇಂಥ ಓಬಳೆಪ್ಪನವರ ಮನೆತನಕ್ಕೆ ಸಮುದ್ರತೀರದ ಮದುವೆಯ ಹುಚ್ಚು ಹತ್ತಿದ್ದು ಶ್ವೇತಾಳಿಂದ. ಆಕೆ ಕೊಪ್ಪಳದ ಆಸ್ಪತ್ರೆಯೊಂದರಲ್ಲಿ ನರ್ಸು. ಓದುವಾಗ ಒಮ್ಮೆ ಗೆಳತಿಯರೊಂದಿಗೆ ಕಡಲು ನೋಡಿ ಬಂದವಳು, ಅಲ್ಲಿ ಮರಳಿನ ಮೇಲೆ ನಡೆಯುತ್ತಿದ್ದ ಯಾರದೋ ಲಗ್ನವನ್ನು ಮರೆಯದೆ ಇಟ್ಟುಕೊಂಡಿದ್ದಳು. ಕುಷ್ಟಗಿಯಲ್ಲಿ ಮಾಸ್ತರಿಕೆ ಮಾಡುವ ವರ ಸಿದ್ಧಾರ್ಥನಿಗೂ ಅದು ಒಪ್ಪಿಗೆಯಾಯಿತು. ಶ್ವೇತಾಳ ಅಪ್ಪ ಹನುಮೇಶ ಗೋಕರ್ಣದ ಕಡೆಗೆ ಹೋಗಿ ಎರಡು ದಂಡೆ ನೋಡಿಯೂ ಬಂದ. ಆಗ ಎದ್ದ ತೊಡಕು ಅಜ್ಜಿ ಉಡಚಮ್ಮನದು. ಓಬಳೆಪ್ಪನವರ ಈ ಅಕ್ಕ ಬಸ್ಸು ಹತ್ತಿದರೆ ಕುಕನೂರು ದಾಟುವಷ್ಟರಲ್ಲಿ ಹೊಟ್ಟೆ ತೊಳಸಿ ಕಂಗಾಲಾಗುವವಳು; ಘಟ್ಟ ಇಳಿಯುವ ಮಾತಂತೂ ದೂರ. ತಾಯಿಯಿಲ್ಲದ ಶ್ವೇತಾಳನ್ನು ಬೇವೂರಿನಲ್ಲಿ ಸಾಕಿ ಬೆಳೆಸಿದವಳೇ ಆಕೆ.

“ನೀವು ಹೋಗ್ರಿ. ನಾ ಫೋಟೋದಾಗ ನೋಡ್ತೇನಿ” ಎಂದಳು ಮುದುಕಿ, ಅಕ್ಕಿ ಹಸನು ಮಾಡುತ್ತ, ತಲೆ ಎತ್ತದೆ.

ಆ ಮಾತಿಗೆ ಶ್ವೇತಾ ಕಡಲಿನ ಆಸೆಯನ್ನೇ ಕೈಬಿಟ್ಟಳು. ಕೊಪ್ಪಳದ ಕಲ್ಯಾಣ ಮಂಟಪವೊಂದನ್ನು ವಿಚಾರಿಸಲು ಹೊರಟಿದ್ದ ಹನುಮೇಶನನ್ನು ತಡೆದು ನಿಲ್ಲಿಸಿದವರು ಓಬಳೆಪ್ಪನವರು. ಹುಲಿಗಿಯ ಅಮ್ಮನಿಗೆ ಕೈಮುಗಿದು ಸ್ವಲ್ಪ ಮುಂದೆ ಹೋದರೆ ಆಚೆಯ ದಡ ಕಾಣದಷ್ಟು ಜಲಾಶಯದ ಹಿನ್ನೀರು ಹರಡಿದೆ, ಗಾಳಿಗೆ ತೆರೆ ಏಳುತ್ತದೆ, ದಂಡೆಯಲ್ಲಿ ಮರಳಿದೆ. ಅಕ್ಕನನ್ನೂ ನಡುನಡುವೆ ಇಳಿಸಿ ಸುಧಾರಿಸಿ ಕರೆತರಬಹುದು, ಸಮುದ್ರದಲ್ಲಿದ್ದು ಇಲ್ಲಿ ಇಲ್ಲದ್ದು ಉಪ್ಪೊಂದೇ ಎಂದರು. ಎಲ್ಲರಿಗೂ ಹಿಡಿಸಿತು. ಉಡಚಮ್ಮ ಮಾತ್ರ ತಮ್ಮನ ಮುಖ ನೋಡಿದಳು, ಏನೂ ಅನ್ನಲಿಲ್ಲ. ಓಬಳೆಪ್ಪನವರೂ ತಲೆ ತಗ್ಗಿಸಿದರು.

ಆ ಮೌನಕ್ಕೆ ಹದಿನೆಂಟು ವರ್ಷ ವಯಸ್ಸು. ಬೇಸಿಗೆಯಲ್ಲಿ ಹಿನ್ನೀರು ಹಿಂದೆ ಸರಿದಾಗ ಬಯಲಾಗುವ ನೆಲದಲ್ಲಿ ಜನ ಕಲ್ಲಂಗಡಿ ಹಾಕುತ್ತಾರೆ. ಗಂಡ ಸತ್ತ ವರ್ಷ ಉಡಚಮ್ಮನೂ ತಮ್ಮನ ಮಾತಿನ ಮೇಲೆ ಬೇವೂರಿನಿಂದ ಬಂದು, ಎಂಟು ವರ್ಷದ ಶ್ವೇತಾಳನ್ನು ಕಟ್ಟಿಕೊಂಡು, ದಂಡೆಯ ಮೇಲೆ ಗುಡಿಸಲು ಹಾಕಿ ಬಳ್ಳಿ ಬೆಳೆಸಿದ್ದಳು. ಕಾಯಿ ಬಲಿಯುವ ಹೊತ್ತಿಗೆ ಮೇಲೆ ಮಳೆಯಾಯಿತೆಂಬ ಸುದ್ದಿ ಬಂತು. ನೀರು ಯಾವಾಗ ಬರುತ್ತದೆಂದು ಅಕ್ಕ ಕೇಳಿದಳು. ಆ ವಾರವೆಲ್ಲ ಫೋನಿನ ತಂತಿ ಕೆಟ್ಟು ಫಕ್ರುದ್ದೀನರ ಅಂಕಿ ಬಂದಿರಲಿಲ್ಲ. ಸುಮ್ಮನೆ ಗೊತ್ತಿಲ್ಲ ಎನ್ನಬಹುದಾಗಿದ್ದ ಓಬಳೆಪ್ಪನವರು, ಅಕ್ಕನ ಮುಂದೆ ಗೊತ್ತಿಲ್ಲ ಎನ್ನಲಾರದೆ, ಸುಮಾರು ಎಂಟು ದಿನ ಐತಿ ಎಂದುಬಿಟ್ಟರು. ನೀರು ಬಂದದ್ದು ಐದನೆಯ ದಿನ. ಬಳ್ಳಿ ಕಿತ್ತುಕೊಂಡ ಕಲ್ಲಂಗಡಿಗಳು ಬೆಳ್ಳಂಬೆಳಗ್ಗೆ ನೀರಿನ ಮೇಲೆ ಹಸಿರು ತಲೆಗಳಂತೆ ತೇಲುತ್ತ ಹೋದವು. ಉಡಚಮ್ಮ ಬಯ್ಯಲಿಲ್ಲ, ಅಳಲಿಲ್ಲ. ಗುಡಿಸಲಿನ ಗಳ ಬಿಚ್ಚಿಕೊಂಡು ಬೇವೂರಿಗೆ ಹೋದಳು. ಆಮೇಲೆ ಹಬ್ಬಕ್ಕೆ ಕರೆದಳು, ರೊಟ್ಟಿ ಕಟ್ಟಿ ಕಳಿಸಿದಳು, ಆದರೆ ನೀರಿನ ಬಗ್ಗೆ ತಮ್ಮನನ್ನು ಇನ್ನೊಂದು ಮಾತು ಕೇಳಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಆದ್ದರಿಂದ ಈ ಮದುವೆಯ ಜಾಗ ಹುಡುಕುವುದು ಅವರಿಗೆ ಬರಿಯ ಓಡಾಟವಾಗಿರಲಿಲ್ಲ. ಏಪ್ರಿಲಿನ ಬಿಸಿಲಿನಲ್ಲಿ ಕೋಟು ಹಾಕಿಕೊಂಡು ಹೆಬ್ಬೆರಳು ಮುಂದಿಡುತ್ತ ನಾಲ್ಕು ದಂಡೆ ನೋಡಿದರು. ಒಂದರಲ್ಲಿ ಕೆಸರು, ಒಂದರಲ್ಲಿ ಕಲ್ಲು, ಮೂರನೆಯದರಲ್ಲಿ ಉಡಚಮ್ಮನ ಮೊಣಕಾಲಿಗೆ ಆಗದ ಇಳಿಜಾರು. ನಾಲ್ಕನೆಯದು ಒಪ್ಪಿತು, ಮರಳು ಮೆತ್ತಗೆ, ಇಳುಕಲು ತೀರ ಸಣ್ಣದು, ರಸ್ತೆ ಹತ್ತಿರ. ಸಂಬಂಧಪಟ್ಟ ಕಚೇರಿಗೆ ಅರ್ಜಿ ಕೊಟ್ಟು ಪರವಾನಗಿಯೂ ಬಂತು. ಆದರೆ ಹಂದರ ಎಲ್ಲಿ ಹಾಕಬೇಕೆಂದು ಕೇಳಿದಾಗ ಓಬಳೆಪ್ಪನವರು ಬಾಯಿ ಬಿಡಲೊಲ್ಲರು. ಲಗ್ನ ಮೇ ತಿಂಗಳ ಕೊನೆಯ ಶುಕ್ರವಾರ. ಜಾಗ ಬುಧವಾರ ಹೇಳುತ್ತೇನೆ ಎಂಬುದೊಂದೇ ಮಾತು. ಲಗ್ನಪತ್ರಿಕೆಯಲ್ಲಿ ಸ್ಥಳ ಏನೆಂದು ಹಾಕಬೇಕೆಂದು ಹನುಮೇಶ ತಲೆ ಚಚ್ಚಿಕೊಂಡಾಗ, ತುದಿ ಕಚ್ಚಿದ ಪೆನ್ಸಿಲಿನಿಂದ ತಾವೇ ಬರೆದುಕೊಟ್ಟರು: ‘ಹಿನ್ನೀರಿನ ದಂಡೆ, ನೀರು ಇರುವಲ್ಲಿ.’ ಹಾಗೆಯೇ ಅಚ್ಚಾಯಿತು. ಬೀಗರ ಊರಿನಲ್ಲಿ ಆ ಪತ್ರಿಕೆ ಕೈಯಿಂದ ಕೈಗೆ ಓಡಾಡಿ ನಗೆಪಾಟಲಾಯಿತು.

ಲಗ್ನದ ವಾರ ಮೇಲಿನ ಸೀಮೆಯಲ್ಲಿ ಹೊತ್ತಲ್ಲದ ಹೊತ್ತಿನಲ್ಲಿ ಮಳೆ ಹಿಡಿಯಿತು. ಬುಧವಾರ ಬೆಳಿಗ್ಗೆ ಎಂಟಕ್ಕೆ ಫಕ್ರುದ್ದೀನರ ಫೋನು ಬಂತು. ಅಂಕಿ ಕೇಳಿಕೊಂಡು, ಮತ್ತೊಮ್ಮೆ ಹೇಳಿಸಿಕೊಂಡು, ಓಬಳೆಪ್ಪನವರು ದಂಡೆಯಲ್ಲಿ ನೀರಿನ ಅಂಚಿನಿಂದ ಹೆಜ್ಜೆ ಎಣಿಸತೊಡಗಿದರು. ಶುಕ್ರವಾರದ ಹೊತ್ತಿಗೆ ನಾಲ್ಕು ಅಡಿ ಏರಬೇಕು. ಈ ಇಳುಕಲಿನಲ್ಲಿ ನೀರು ಒಂದಡಿ ಏರಿದರೆ ಎಪ್ಪತ್ತು ಹೆಜ್ಜೆ ಮುಂದೆ ಬರುತ್ತದೆ. ಮುನ್ನೂರು ಹೆಜ್ಜೆ ಎಣಿಸಿ, ಒಣ ಮರಳಿನ ನಡುವೆ ಒಂದು ಕೋಲು ನೆಟ್ಟರು. ಸುತ್ತ ಎರಡು ಜಾಲಿಕಂಟಿ, ಒಂದು ಹಳೆಯ ಚಪ್ಪಲಿ ಬಿಟ್ಟರೆ ಏನೂ ಇರಲಿಲ್ಲ.

ಯಲಬುರ್ಗಾದಿಂದ ಗಳ, ಬಟ್ಟೆ ಹೇರಿಕೊಂಡು ಬಂದಿದ್ದ ಹಂದರದ ಶಬ್ಬೀರಸಾಬ ಕೋಲನ್ನು ನೋಡಿದ, ದೂರದ ನೀರನ್ನು ನೋಡಿದ. “ಓಬಳೆಪ್ಪಣ್ಣಾರ, ಇಲ್ಲಿ ಹಂದರ ಹಾಕಿದ್ರ ನೀರು ನೋಡಾಕ ಬಸ್ ಹಿಡೀಬೇಕಾಗ್ತೈತ್ರಿ” ಎಂದ. ಸಿದ್ಧಾರ್ಥನ ಕಡೆಯವರು ಇದು ಸಮುದ್ರದ ಮದುವೆಯೋ ಹೊಲದ ಮದುವೆಯೋ ಎಂದು ಕೇಳಿದರು. ಹನುಮೇಶ, ಸೋದರಮಾವನ ಎದುರು ಎಂದೂ ದನಿ ಎತ್ತದವನು, ನೀರಿನ ಹತ್ತಿರ ಹಾಕಿಸಿಬಿಡೋಣವೆಂದು ಎರಡು ಸಲ ಅಂಗಲಾಚಿದ. ಓಬಳೆಪ್ಪನವರು ಕೋಲು ಬಿಟ್ಟು ಕದಲಲಿಲ್ಲ.

ಸಂಜೆ ಶ್ವೇತಾ ಬಂದಳು. ಕೈಗೆ ಆಗಲೇ ಮೆಹಂದಿ ಏರಿತ್ತು. ಜಾಲಿಕಂಟಿಯನ್ನೂ ಅರ್ಧ ಎದ್ದ ಹಂದರವನ್ನೂ ನೋಡಿ ಆಕೆಯ ಕಣ್ಣು ತುಂಬಿದವು.

“ಅಜ್ಜಾ, ಖರೇ ಬರ್ತೈತೇನು ನೀರು?”

“ಬರ್ತೈತಿ. ಇಲ್ಲಿಗೆ ಇಪ್ಪತ್ತು ಹೆಜ್ಜಿ ದೂರಕ್ಕ ಬಂದು ನಿಲ್ತೈತಿ. ಇಪ್ಪತ್ತು.”

ಎರಡು ಸಲ ಹೇಳಿದ್ದನ್ನು ಕೇಳಿ ಹುಡುಗಿ ಕಣ್ಣೊರೆಸಿಕೊಂಡಳು. ಆದರೆ ಹೇಳಿದವರು ಅವಳು ಹೋದ ಮೇಲೆ ಕೋಲಿನಿಂದ ನೀರಿನವರೆಗೆ ಹೆಜ್ಜೆಗಳನ್ನು ಇನ್ನೊಮ್ಮೆ ಎಣಿಸಿದರು. ಬಾರದಿದ್ದರೆ ನಗೆಪಾಟಲು, ಹೆಚ್ಚು ಬಂದರೆ, ಬೆಳೆಸಿದ ಬಳ್ಳಿಯನ್ನು ಒಮ್ಮೆ ಕಳೆದುಕೊಂಡ ಅಕ್ಕನ ಕಣ್ಣೆದುರಿಗೆ ಮೊಮ್ಮಗಳ ಹಂದರವೂ ತೇಲಬೇಕು. ಆಕೆಗೆ ಇನ್ನೊಮ್ಮೆ ಅದನ್ನು ತೋರಿಸುವ ಧೈರ್ಯ ಅವರಿಗಿರಲಿಲ್ಲ.

ಗುರುವಾರ ಎಂಟಕ್ಕೆ ಫೋನು ಬರಲಿಲ್ಲ, ತಾವೇ ಹಚ್ಚಿದರೂ ಹತ್ತಲಿಲ್ಲ. ನೀರು ಮಾತ್ರ ನೂರೈವತ್ತು ಹೆಜ್ಜೆ ಬಂತು. ಶಬ್ಬೀರಸಾಬ ಗೂಟ ಹೊಡೆಯುವುದನ್ನು ಬಿಟ್ಟು ಬಾಯಿ ತೆರೆದು ನೋಡಿದ. ನಕ್ಕಿದ್ದವರೆಲ್ಲ ಈಗ ಹೆದರತೊಡಗಿದರು. ಹಂದರ ಇನ್ನೂ ಮೇಲಕ್ಕೆ ಸರಿಸೋಣವೆಂದು ನಿನ್ನೆ ಕೆಳಕ್ಕೆ ಎಳೆಯುತ್ತಿದ್ದವರೇ ಹೇಳಿದರು. ಶುಕ್ರವಾರ ಸೂರ್ಯ ಹುಟ್ಟುವಾಗ ನೀರು ಹಂದರದಿಂದ ಇಪ್ಪತ್ತೆರಡು ಹೆಜ್ಜೆಯಲ್ಲಿತ್ತು. ಏಳಕ್ಕೆ ಹತ್ತೊಂಬತ್ತು. ತಾವು ಹೇಳಿದ್ದ ಇಪ್ಪತ್ತನ್ನು ದಾಟಿ ಬಂದಿತ್ತು. ಓಬಳೆಪ್ಪನವರು ನೀರಿನ ಅಂಚಿಗೆ ಒಂದು ಕಡ್ಡಿ ನೆಟ್ಟು ಕುಕ್ಕರಗಾಲಿನಲ್ಲಿ ಕೂತರು. ನೋಡನೋಡುತ್ತ ಅಂಚು ಕಡ್ಡಿಯನ್ನು ದಾಟಿತು. ಎರಡನೆಯ ಕಡ್ಡಿ ನೆಟ್ಟರು, ಹದಿನೇಳು ಹೆಜ್ಜೆ. ಹಿಂದೆ ವಾಲಗದವರು ಶ್ರುತಿ ಹಿಡಿಯುತ್ತಿದ್ದರು. ಕೋಟಿನೊಳಗೆ ಅವರ ಅಂಗಿ ಬೆವರಿಗೆ ಅಂಟಿಕೊಂಡಿತ್ತು.

ಎಂಟಕ್ಕೆ ಫೋನು ಬಂತು. ಇಷ್ಟು ವರ್ಷಗಳ ಶಿಸ್ತನ್ನು ಮುರಿದು ಫಕ್ರುದ್ದೀನರು ಅಂದು ಅಂಕಿಗೆ ಮೊದಲು ಬೇರೆ ಮಾತಾಡಿದರು.

“ಆರಾಮ ಇರ್ರಿ ಭಾಯಿ. ಬುಧವಾರ ರಾತ್ರಿನ ಹೊಳಿ ಇಳದೈತಿ. ನಿನ್ನೆ ನಿಮ್ಮ ಫೋನ್ ಹತ್ತಲಿಲ್ಲ, ಎಷ್ಟ್ ಸಲ ಹಚ್ಚೀನಿ.”

ಆಮೇಲೆ ಅಂಕಿ ಹೇಳಿದರು, ಎರಡು ಸಲ. ಬುಧವಾರ ರಾತ್ರಿ ಅಲ್ಲಿ ಇಳಿದಿದ್ದರೆ, ಒಂದೂವರೆ ದಿನದ ಲೆಕ್ಕದಲ್ಲಿ, ಇಲ್ಲಿ ಏರುವುದು ಈಗ ನಿಲ್ಲಬೇಕು. ಓಬಳೆಪ್ಪನವರು ಕಡ್ಡಿಯನ್ನೇ ನೋಡಿದರು. ಎಂಟೂವರೆಗೆ ನೀರು ಕಡ್ಡಿಯ ಬುಡದಲ್ಲಿತ್ತು. ಒಂಬತ್ತಕ್ಕೂ ಅಲ್ಲೇ. ಒಂಬತ್ತೂವರೆಗೆ ಸಣ್ಣ ತೆರೆಗಳು ಬಂದು ಕಡ್ಡಿಯನ್ನು ಮುಟ್ಟಿ ಹಿಂದಕ್ಕೆ ಹೋಗುತ್ತಿದ್ದವು, ಕೆಳಗಿನ ಮರಳಿನಲ್ಲಿ ಒಂದು ಕಿರುಬೆರಳಗಲ ಒದ್ದೆ ಗೆರೆ ಕಾಣತೊಡಗಿತ್ತು. ನೀರು ನಿಂತಿತ್ತು. ಮುದುಕರು ಎರಡೂ ಅಂಗೈಗಳನ್ನು ಒದ್ದೆ ಮರಳಿಗೆ ಊರಿ, ಹದಿನೆಂಟು ವರ್ಷ ಬಿಗಿಹಿಡಿದಿದ್ದ ಉಸಿರನ್ನು ಬಿಟ್ಟರು.

ಹತ್ತು ನಲವತ್ತಕ್ಕೆ ಮುಹೂರ್ತ. ಹಂದರದ ಮುಂದೆ ಅಲೆ, ಅಲೆಯಾಚೆ ದಡವಿಲ್ಲದ ನೀರು. ಬೀಗರು ಕೂಡ ಇದು ಸಮುದ್ರವೇ ಸೈ ಎಂದರು. ಅಕ್ಷತೆ ಬಿದ್ದಾಗ ಓಬಳೆಪ್ಪನವರು ಮಾತ್ರ ಮದುಮಕ್ಕಳಿಗೆ ಬೆನ್ನು ಮಾಡಿ ಕಡ್ಡಿಯನ್ನು ನೋಡುತ್ತ ನಿಂತಿದ್ದರು. ಹಿಂದಿನಿಂದ ಯಾರೋ ಮೆಲ್ಲಗೆ ಮರಳಿನಲ್ಲಿ ಕಾಲೆಳೆದುಕೊಂಡು ಬಂದದ್ದು ಕೇಳಿಸಿತು. ಉಡಚಮ್ಮ ತಮ್ಮನ ಪಕ್ಕದಲ್ಲಿ ನಿಂತು, ಸೀರೆ ಚೂರು ಎತ್ತಿ ಹಿಡಿದು, ಎರಡೂ ಪಾದಗಳನ್ನು ನೀರಿನಲ್ಲಿ ಇಟ್ಟಳು.

“ತಮ್ಮಾ, ಎಷ್ಟು ದಿನ ಇರ್ತೈತಿ ಈ ನೀರು ಇಲ್ಲಿ?” ಎಂದು ಕೇಳಿದಳು.

ಹದಿನೆಂಟು ವರ್ಷಗಳ ಮೇಲೆ ಅಕ್ಕ ನೀರಿನ ಮಾತು ಕೇಳಿದ್ದಳು. “ಗೊತ್ತಿಲ್ಲಕ್ಕಾ” ಎಂದರು ಓಬಳೆಪ್ಪನವರು. “ನಾಳೆ ಎಂಟಕ್ಕ ಹೇಳ್ತೇನಿ.”

“ಹಂಗ ಹೇಳು. ಅವಸರಿಲ್ಲ” ಎಂದು ಆಕೆ ತಮ್ಮನ ಕೋಟಿನ ತೋಳು ಹಿಡಿದು ಊಟಕ್ಕೆ ಕರೆದುಕೊಂಡು ಹೋದಳು.

ಫಕ್ರುದ್ದೀನರು ಮದುವೆಗೆ ಬರಲಿಲ್ಲ. ಪತ್ರಿಕೆ ಕಳಿಸಿ, ವಾಹನ ಕಳಿಸುವೆನೆಂದರೂ ಒಪ್ಪಿರಲಿಲ್ಲ. ನಾನು ಬಂದರೆ ಇಲ್ಲಿ ನೀರು ನೋಡುವವರು ಯಾರೆಂದು ಕೇಳಿದ್ದರಂತೆ. ಯಂತ್ರವಿದೆಯಲ್ಲ ಎಂದು ನಾವು ಹೇಳಬಹುದು, ಅದು ನಿಜವೂ ಹೌದು. ಆದರೆ ನಮ್ಮ ಸಂಭ್ರಮಗಳೆಲ್ಲ ಯಾರೋ ಒಬ್ಬರು ಬೆನ್ನು ತಿರುಗಿಸಿ ನಿಂತು ಏನನ್ನೋ ಕಾಯುತ್ತಿರುವುದರಿಂದ ನಿರಾತಂಕವಾಗಿ ಸಾಗುತ್ತವೆ. ಅಂಥವರು ಫೋಟೋದಲ್ಲಿ ಸಿಗುವುದಿಲ್ಲ, ಸಿಕ್ಕರೂ ಮುಖ ಕಾಣುವುದಿಲ್ಲ. ಒಮ್ಮೆ ತಪ್ಪಿದವರು ಅವರು. ಆ ತಪ್ಪನ್ನು ಮರೆಯದಿರುವುದೇ ಅವರ ಪಾಂಡಿತ್ಯ. ಅವರು ಗೊತ್ತಿಲ್ಲ ಎಂದರೆ ನಿಶ್ಚಿಂತೆಯಿಂದ ನಿದ್ದೆ ಮಾಡಬಹುದು, ಏಕೆಂದರೆ ಗೊತ್ತಾದ ಗಳಿಗೆಗೆ ಅವರು ಬಂದು ಹೇಳಿಯೇ ಹೇಳುತ್ತಾರೆ, ಎರಡು ಸಲ.