ಅಡುಗೆಯವಳ ನಾಲಿಗೆ ಮಂಕಾದಾಗ

ಟೈಲರ್ ಊಟಕ್ಕೆ ಕೂತರೆ ಪಕ್ಕದಲ್ಲಿ ಬಿಸಿನೀರಿನ ಚೊಂಬು ಇರಲೇಬೇಕು. ಹೆಂಡತಿ ಒಳಗೆ ಹೋದ ಕೂಡಲೇ ಗಂಜಿಗೆ ನೀರು ಸುರಿದುಕೊಳ್ಳುತ್ತಿದ್ದ. ಅಷ್ಟು ಉಪ್ಪು. ಬಾಯಿಬಿಟ್ಟು ಹೇಳುವ ಧೈರ್ಯವಿಲ್ಲ. ಅವಳು ಕಾರ್ಖಾನೆ ಕ್ಯಾಂಟೀನಿನ ಅಡುಗೆಯವಳು. ಅಂಗೈಗೆ ಒಂದು ಹನಿ ಹಾಕಿಕೊಂಡು ನೆಕ್ಕಿ "ಸರಿ" ಅಂದರೆ ಮುಗಿಯಿತು. ಇಪ್ಪತ್ತು ವರ್ಷದಿಂದ ಅಲ್ಲಿ ಮೇಜಿನ ಮೇಲೆ ಉಪ್ಪಿನ ಡಬ್ಬಿ ಇಡಲು ಬಿಟ್ಟವಳಲ್ಲ.

ಎರಡು ತಿಂಗಳು ಹೀಗೇ ನಡೆಯಿತು. ಮಾತ್ರೆ ನುಂಗಿದರೂ ಟೈಲರ್‌ನ ಬಿಪಿ ಇಳಿಯಲಿಲ್ಲ. ಒಂದು ದಿನ ಹೊಲಿಗೆ ಯಂತ್ರದ ಮುಂದೆಯೇ ತಲೆಸುತ್ತಿ ಬಿದ್ದ. ಆರೋಗ್ಯ ಕೇಂದ್ರದ ನರ್ಸ್ ಮನೆಗೆ ಬಂದಳು.

"ಉಪ್ಪು ಕಮ್ಮಿ ಮಾಡಿ ಅಂದಿದ್ದೆನಲ್ಲ ಅಣ್ಣ?"

"ಎಲ್ಲಿದೆ ಉಪ್ಪು? ಸಪ್ಪೆ ಗಂಜಿ ಸಿಸ್ಟರ್ ಅದು," ಅಂದಳು ಹೆಂಡತಿ.

ನರ್ಸ್ ಒಂದು ಚಮಚ ಗಂಜಿ ಬಾಯಿಗಿಟ್ಟು ಮುಖ ಕಿವುಚಿದಳು. "ಇದು ಸಪ್ಪೆಯಾ ಅಕ್ಕ? ಸಮುದ್ರದ ನೀರು ಇದ್ದಂಗಿದೆ."

"ನಾನು ನೀರು ಬೆರೆಸ್ಕೊಂಡು ಕುಡೀತೀನಿ," ಅಂದ ಟೈಲರ್, ಮೆಲ್ಲಗೆ.

"ಬೆರೆಸಿದ್ರೆ ಉಪ್ಪು ಹಾರಿಹೋಗುತ್ತಾ? ಅಷ್ಟೂ ನಿಮ್ಮ ಹೊಟ್ಟೆಗೇ ಹೋಯ್ತು."

ಹೆಂಡತಿ ಗೋಡೆಗೆ ಒರಗಿ ಕೂತಳು. "ಎರಡು ತಿಂಗಳಿಂದ ಹೇಳ್ಲಿಲ್ವಲ್ರೀ. ಕ್ಯಾಂಟೀನಲ್ಲೂ ಜನ ಚೊಂಬುಗಟ್ಟಲೆ ನೀರು ಕುಡೀತಿದ್ರು. ಸೆಖೆಗೆ ಅಂದ್ಕೊಂಡಿದ್ದೆ."

ನರ್ಸ್ ಅವಳನ್ನೇ ನೋಡಿದಳು. ಆ ಸೆಖೆಯಲ್ಲೂ ಹೊದ್ದ ಶಾಲು, ಊದಿದ ಕಣ್ಣು, ಒಡೆದ ದನಿ. "ಅಕ್ಕ, ನಿಮ್ಮ ಥೈರಾಯ್ಡ್ ನೋಡಿಸ್ಬೇಕು."

"ಕತ್ತಿನ ಗ್ರಂಥಿಗೂ ಉಪ್ಪಿಗೂ ಎಲ್ಲಿಯ ನಂಟು?"

"ಆ ಗ್ರಂಥಿ ರಕ್ತದಲ್ಲಿ ಹಾರ್ಮೋನ್ ಕಳಿಸುತ್ತೆ. ಮೈಗೆಲ್ಲ ಕೆಲಸ ಹೇಳೋ ಓಲೆ ಅದು. ನಾಲಿಗೆ ಕಂಡ ರುಚೀನ ಮಿದುಳಿಗೆ ಒಯ್ಯೋದು ನರ. ಓಲೆ ಕಮ್ಮಿ ಬಂದ್ರೆ ಆ ಸುದ್ದಿ ಮಂಕಾಗಬಹುದು. ಉಪ್ಪು ಇದ್ರೂ ನಿಮಗೆ ಗೊತ್ತಾಗಲ್ಲ."

"ಹಂಗಾದ್ರೆ ನನ್ನ ಕೈ ಕೆಟ್ಟಿಲ್ಲ?"

"ಕೈ ಸರಿಯಾಗೇ ಇದೆ. ರಕ್ತ ಪರೀಕ್ಷೆ ಮಾಡ್ಸಿ."

ಪರೀಕ್ಷೆಯಲ್ಲಿ ಹಾರ್ಮೋನ್ ಕಡಿಮೆ ಎಂದೇ ಬಂತು. ಡಾಕ್ಟರ್ ಮಾತ್ರೆ ಬರೆದರು. ರುಚಿ ಒಂದೇ ದಿನಕ್ಕೆ ಮರಳಲಿಲ್ಲ, ತಿಂಗಳುಗಳೇ ಬೇಕಾದವು. ಅಲ್ಲಿಯವರೆಗೆ ಅವಳು ಉಪ್ಪನ್ನು ಚಮಚದಲ್ಲಿ ಅಳೆದಳು. ಮನೆಯಲ್ಲಿ ಮೊದಲ ಹನಿ ಗಂಡನ ಅಂಗೈಗೆ. "ನಿಜ ಹೇಳ್ರೀ. ನನ್ನ ಮುಖ ನೋಡಿ ಹೇಳ್ಬೇಡಿ."

ಟೈಲರ್ ಚೊಂಬನ್ನು ಅಟ್ಟಕ್ಕೆ ಎಸೆದ. ಬಿಪಿಯೂ ಇಳಿಯಿತು.

ಈಗ ನಿಮಗೆ ಹೇಳುತ್ತೇನೆ. ನಿಮ್ಮ ಮನೆಯ ಅಡುಗೆ ಇದ್ದಕ್ಕಿದ್ದಂತೆ ಉಪ್ಪಾದರೆ, ಸಿಹಿಯಾದರೆ, ಮಾಡಿದವರನ್ನು ಬೈಯಬೇಡಿ. ಮುಲಾಜಿಗೆ ಬಿದ್ದು ನುಂಗಲೂಬೇಡಿ. ಅದು ದೊಡ್ಡತನವಲ್ಲ, ದಡ್ಡತನ. ಎದುರಿಗೇ ಹೇಳಿ. ಮಾಡಿದವರ ನಾಲಿಗೆಗೆ ರುಚಿ ಹತ್ತದೆ ಎರಡು ವಾರವಾದರೆ ಕೈಹಿಡಿದು ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋಗಿ.